‘ಬೈ ಫ್ರೈಡೇ’ ಅಂದರೆ ಶನಿವಾರ ಬೆಳಿಗ್ಗೆ ಅಲ್ಲ ಮಾರ್ರೆ

ಲಂಡನ್ ಕಡೆಯವರೊಟ್ಟಿಗೆ ಕೆಲಸ ಮಾಡುವವರು ಈ ಗ್ರೂಪಲ್ಲಿ ಸುಮಾರು ಮಂದಿ ಇದ್ದೀರಿ, ಅದಕ್ಕೆ ಹೇಳುವುದು. ಮಂಗಳೂರಿನ ಕೊಟ್ಟಾರದ ಆಫೀಸಿಗೆ ಸೇರಿದ ಹೊಸತರಲ್ಲಿ ‘ಬೈ ಫ್ರೈಡೇ’ ಅಂದದ್ದಕ್ಕೆ, ಶುಕ್ರವಾರದವರೆಗೆ ಟೈಮುಂಟಲ್ಲ, ಶನಿವಾರ ಬೆಳಿಗ್ಗೆ ಕಳಿಸಿದರಾಯ್ತು ಅಂತ ಆರಾಮ ಕೂತಿದ್ದೆ. ಬೈಗುಳ ಸಿಕ್ಕಿತು. ‘ಬೈ’ ಅಂದರೆ ಶುಕ್ರವಾರದೊಳಗೆ ಕೆಲಸ ಮುಗಿದಿರಬೇಕು; ‘ಅಂಟಿಲ್’ ಅಂದರೆ ಅಲ್ಲಿಯವರೆಗೆ ನಡೆಯುತ್ತಾ ಇರಬೇಕು.

ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಉಡುಪಿ ಬಸ್ಸು ಹೇಳಿದ ನಿಮಿಷಕ್ಕೇ ಹೊರಟರೆ ‘ಆನ್ ಟೈಮ್’. ನೀವು ಏದುಸಿರು ಬಿಡುತ್ತಾ ಓಡಿ, ಕಂಡಕ್ಟರ್ ‘ರೈಟ್’ ಅನ್ನುವ ಮೊದಲು ಹತ್ತಿಕೊಂಡರೆ ‘ಇನ್ ಟೈಮ್’.

ಬ್ರಿಟಿಷರ ‘ಹಾಫ್ ಸೆವೆನ್’ ನಮ್ಮ ಏಳೂವರೆಯೇ, ಆರೂವರೆ ಅಲ್ಲ. ಆದರೆ ಅದು ಅವರ ಗಡಿಯಾರದ ಏಳೂವರೆ: ಅವರ ಬೇಸಿಗೆಯಲ್ಲಿ ನಾವು 4.30 ಗಂಟೆ ಮುಂದೆ, ಚಳಿಗಾಲದಲ್ಲಿ 5.30.

ಗೊತ್ತಾದ ಸಮಯಕ್ಕಿಂತ ಮೊದಲೇ ಇಟ್ಟುಕೊಳ್ಳುವುದಕ್ಕೆ ‘ಪ್ರಿಪೋನ್’ ಅನ್ನುವುದು ನಮ್ಮಲ್ಲಿ ಸಲೀಸು, ಅಲ್ಲಿ ಸುಮಾರು ಜನಕ್ಕೆ ತಿಳಿಯುವುದಿಲ್ಲ. ‘ಬ್ರಿಂಗ್ ಫಾರ್ವರ್ಡ್’ ಅನ್ನಿ. ‘ನೆಕ್ಸ್ಟ್ ಫ್ರೈಡೇ’ ಅಂದರೆ ಈ ವಾರದ್ದಾ, ಮುಂದಿನದ್ದಾ? ಅವರಲ್ಲೇ ಗೊಂದಲ ಉಂಟು. ನಾನಂತೂ ನಾಚಿಕೆ ಬಿಟ್ಟು ತಾರೀಕು ಕೇಳುತ್ತೇನೆ.