ಬಸ್ ಟಿಕೆಟಿನ ಹಿಂಬದಿ: ದಿನನಿತ್ಯದ ಅನುಭವದಿಂದ ಕಲಿಯುವುದು ಹೇಗೆ?

ಜೀವನವೇ ಪಾಠಶಾಲೆ ಅಂತ ಬೆಳಿಗ್ಗೆ ಬೆಳಿಗ್ಗೆ ವಾಟ್ಸಾಪಲ್ಲಿ ಹೂವಿನ ಫೋಟೋ ಜೊತೆ ಬರುತ್ತದೆ. ಓದುತ್ತೇವೆ, ಫಾರ್ವರ್ಡ್ ಮಾಡುತ್ತೇವೆ, ಅಲ್ಲಿಗೆ ಮುಗೀತು. ಆ ಶಾಲೆಯಲ್ಲಿ ಕಲಿಯುವುದು ಹೇಗೆ ಅಂತ ಮಾತ್ರ ಯಾರೂ ಹೇಳುವುದಿಲ್ಲ. ನನ್ನ ಪ್ರಕಾರ ಮಾಡಬೇಕಾದ್ದು ಇಷ್ಟೇ: ಜನ ಏನು ಹೇಳುತ್ತಾರೆ ಅನ್ನುವುದನ್ನು ಬಿಟ್ಟು ಏನು ಮಾಡುತ್ತಾರೆ ಅಂತ ನೋಡಿ, ಅದರಲ್ಲಿ ಒಂದೇ ಒಂದನ್ನು ನಿಮ್ಮ ಕೆಲಸದಲ್ಲಿ ಮಾಡಿ ನೋಡಿ.

ಸಂಜೆ ಹೊತ್ತು ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಯಾವುದಾದರೂ ಸಿಟಿ ಬಸ್ ಹತ್ತಿ. ಕಾಲಿಡಲು ಜಾಗ ಇಲ್ಲದಿದ್ದರೂ ಕಂಡಕ್ಟರ್ ಆ ಕಡೆಯಿಂದ ಈ ಕಡೆಗೆ ಬಂದೇ ಬರುತ್ತಾರೆ. ಇದನ್ನು ನೋಡಿ "ಕಷ್ಟಪಟ್ಟು ದುಡಿಯಬೇಕು" ಅಂತ ಬರೆದುಕೊಂಡರೆ ಏನೂ ಉಪಯೋಗ ಇಲ್ಲ, ಅದು ಬಸ್ ಹತ್ತುವ ಮೊದಲೇ ನಿಮಗೆ ಗೊತ್ತಿತ್ತು. ಸ್ವಲ್ಪ ಹತ್ತಿರದಿಂದ ನೋಡಿ. ಚಿಲ್ಲರೆ ಇಲ್ಲದಾಗ ಅವರು ಏನು ಮಾಡುತ್ತಾರೆ? ಎಷ್ಟು ಬಾಕಿ ಅಂತ ಟಿಕೆಟಿನ ಹಿಂದೆ ಬರೆದು ನಿಮ್ಮ ಕೈಗೇ ಕೊಡುತ್ತಾರೆ. ಇನ್ನು ಆ ಬಾಕಿಯನ್ನು ಅವರು ತಲೆಯಲ್ಲಿ ಇಟ್ಟುಕೊಳ್ಳಬೇಕಾಗಿಲ್ಲ, ಇಳಿಯುವಾಗ ನೀವೇ ಟಿಕೆಟ್ ತೋರಿಸಿ ಕೇಳುತ್ತೀರಿ. ಲೆಕ್ಕ ಇರುವುದು ದುಡ್ಡು ಕೊಡಬೇಕಾದವರ ಹತ್ರ ಅಲ್ಲ, ಸಿಗಬೇಕಾದವರ ಹತ್ರ. (ಫೋನಲ್ಲೇ ದುಡ್ಡು ಕೊಡುವವರಿಗೆ ಇದು ಕಾಣಲಿಕ್ಕಿಲ್ಲ, ಒಂದು ದಿನ ನೋಟು ಹಿಡಿದು ಹತ್ತಿ.)

ಈಗ ಇದನ್ನು ಆಫೀಸಿಗೆ ತನ್ನಿ. "ನೋಡ್ತೇನೆ, ಮಾಡಿಕೊಡ್ತೇನೆ" ಅಂತ ಬಾಯಲ್ಲಿ ಹೇಳಿ ಆಮೇಲೆ ಮರೆಯುವ ಬದಲು, "ಗುರುವಾರ ಸಂಜೆಯೊಳಗೆ ಪಟ್ಟಿ ಕಳಿಸುತ್ತೇನೆ, ಬರದಿದ್ದರೆ ಕೇಳಿ" ಅಂತ ಕೆಲಸ ಕೇಳಿದವರಿಗೇ ಒಂದು ಮೆಸೇಜ್ ಹಾಕಿ. ನೆನಪಿಸುವ ಹಕ್ಕು ಅವರ ಕೈಗೆ ಹೋಯಿತು. ಒಂದು ವಾರ ಮಾಡಿ ನೋಡಿ, ಮಾತು ಕೊಡುವ ಮೊದಲು ಎರಡು ಸಲ ಯೋಚಿಸುವ ಅಭ್ಯಾಸ ತಾನಾಗಿ ಬರುತ್ತದೆ.

ಇನ್ನು ಮನಸ್ಸಿಗೆ ಚುಚ್ಚಿದ ಅನುಭವಗಳು. ಇಲ್ಲಿ ಪ್ರಶ್ನೆ ಕೇಳುವ ರೀತಿ ಬದಲಾಗಬೇಕು. ಹರೇಕಳ ಹಾಜಬ್ಬರ ವಿಷಯ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಮಂಗಳೂರಲ್ಲಿ ಕಿತ್ತಳೆ ಮಾರುತ್ತಿದ್ದರು, ವಿದೇಶಿಯೊಬ್ಬರು ಇಂಗ್ಲಿಷಲ್ಲಿ ರೇಟು ಕೇಳಿದಾಗ ಉತ್ತರ ಕೊಡಲು ಆಗಲಿಲ್ಲ. ಇಂಥದ್ದು ನಮಗೂ ಆಗುತ್ತದೆ, ಅಲ್ವಾ? ಆಗ ನಾವು ಸಾಮಾನ್ಯವಾಗಿ "ಅವರು ನನ್ನ ಹತ್ರ ಯಾಕೆ ಹಾಗೆ ಮಾತಾಡಿದರು" ಅಂತ ಕೊರಗುತ್ತೇವೆ, ಇಲ್ಲದಿದ್ದರೆ "ನನಗೆ ಯಾಕೆ ಬರಲಿಲ್ಲ" ಅಂತ ನಮ್ಮನ್ನೇ ಬೈದುಕೊಳ್ಳುತ್ತೇವೆ. ಹಾಜಬ್ಬರು ಹಿಡಿದದ್ದು ಬೇರೆಯೇ ದಾರಿ: ಊರಿನ ಮಕ್ಕಳಿಗೆ ಹೀಗಾಗಬಾರದು, ಅದಕ್ಕೆ ಏನು ಬೇಕು? ಶಾಲೆ ಬೇಕು. 2000ದ ಹೊತ್ತಿಗೆ ಅವರ ಊರು ನ್ಯೂಪಡ್ಪುವಿನಲ್ಲಿ ಶಾಲೆ ಶುರುವಾಯಿತು, 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು.

ನಾವು ಶಾಲೆ ಕಟ್ಟಬೇಕಾಗಿಲ್ಲ ಮಾರಾಯ್ರೆ. ಹೊಸ ಕೆಲಸಕ್ಕೆ ಸೇರಿದ ದಿನ ಪಾಸ್‌ವರ್ಡ್ ಯಾರ ಹತ್ರ ಕೇಳಬೇಕು, ಊಟಕ್ಕೆ ಎಲ್ಲಿ ಹೋಗಬೇಕು ಅಂತ ಗೊತ್ತಿಲ್ಲದೆ ಸುಮ್ನೆ ಕೂತಿದ್ದರೆ, ಅದನ್ನೆಲ್ಲ ಒಂದು ಪುಟದಲ್ಲಿ ಬರೆದಿಟ್ಟು ಮುಂದೆ ಸೇರುವವರ ಕೈಗೆ ಕೊಡಿ. ಇಡೀ ಆಫೀಸಿಗೆ ಉಪಯೋಗಕ್ಕೆ ಬರುತ್ತದೆ, ನಿಮ್ಮ ಬೇಜಾರು ಕೂಡ ಅರ್ಧ ಕಡಿಮೆಯಾಗುತ್ತದೆ.

ಮಾತಾಡಲು ಕಲಿಯಬೇಕಾ? ತಾಳಮದ್ದಲೆಗೆ, ಅಂದರೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನಕ್ಕೆ ಹೋಗಿ. ಮೇ ಕೊನೆಗೆ ಬರುವ ಪತ್ತನಾಜೆ ದಿನ ಕಳೆದು ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ, ಮಳೆಗಾಲದಲ್ಲಿ ಅಲ್ಲಲ್ಲಿ ಇರುತ್ತದೆ. ವೇಷ ಇಲ್ಲ, ಕುಣಿತ ಇಲ್ಲ. ಪದ್ಯ ಮೊದಲೇ ಉಂಟು, ಅರ್ಥ, ಅಂದರೆ ಪಾತ್ರದ ಮಾತು, ಮಾತ್ರ ಕೂತಲ್ಲೇ ಹುಟ್ಟಬೇಕು. ಒಳ್ಳೆಯ ಅರ್ಥಧಾರಿ (ಆ ಮಾತು ಆಡುವವರು) ತನ್ನ ಸರದಿ ಬಂದಾಗ ಎದುರಿನವರು ಕೊನೆಗೆ ಆಡಿದ ಮಾತಿನಲ್ಲೇ ಒಂದು ಎಳೆ ಹಿಡಿದು ಶುರು ಮಾಡುತ್ತಾರೆ. ಮುಂದಿನ ಮೀಟಿಂಗಲ್ಲಿ ಇದನ್ನು ಮಾಡಿ: ಎದುರಿನವರ ಕೊನೆಯ ಮಾತನ್ನು ಒಮ್ಮೆ ಹೇಳಿ, ಅಲ್ಲಿಂದ ನಿಮ್ಮ ಮಾತು ಶುರು ಮಾಡಿ. ಅದಕ್ಕೆ ಅವರ ಮಾತನ್ನು ಕೊನೆವರೆಗೆ ಕೇಳಲೇಬೇಕಾಗುತ್ತದೆ, ಅದೇ ಇದರ ಲಾಭ. ಉದ್ದಕ್ಕೆ ಮಾತಾಡುವುದನ್ನು ಮಾತ್ರ ಅವರಿಂದ ಕಲಿಯಬೇಡಿ, ಮೀಟಿಂಗಲ್ಲಿ ಕೂತವರು ನಿಮ್ಮ ಅರ್ಥ ಕೇಳಲು ಬಂದವರಲ್ಲ.

ಯೋಜನೆ ಮಾಡುವುದಕ್ಕೆ ಉಡುಪಿಯ ಪರ್ಯಾಯ ನೋಡಿ, ಅಂದರೆ ಕೃಷ್ಣ ಮಠದ ಪೂಜೆಯ ಹೊಣೆ ಎಂಟು ಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವ ಉತ್ಸವ. ಎರಡು ವರ್ಷಕ್ಕೊಮ್ಮೆ, ಜನವರಿ 18ಕ್ಕೆ. ತಯಾರಿಯಲ್ಲಿ ಮೊದಲು ಬಾಳೆ ಗಿಡ ನೆಡುವ ಬಾಳೆ ಮುಹೂರ್ತ, ಅದೂ ಒಂದು ವರ್ಷಕ್ಕೂ ಮುಂಚೆ, ಆಮೇಲೆ ಅಕ್ಕಿ, ಕಟ್ಟಿಗೆ, ಭತ್ತ. ಬಾಳೆ ಬೆಳೆಯಬೇಕಲ್ಲ, ನಾವು ಅವಸರ ಮಾಡಿದರೆ ಅದು ಕೇಳುವುದಿಲ್ಲ. ನಿಮ್ಮ ಪಟ್ಟಿಯಲ್ಲೂ ಅವಸರ ಮಾಡಲು ಆಗದ ಕೆಲಸ ಯಾವುದು ಅಂತ ಹುಡುಕಿ ಅದನ್ನು ಮೊದಲು ಶುರು ಮಾಡಿ.

ಎಲ್ಲದರಲ್ಲೂ ಪಾಠ ಹುಡುಕಬೇಡಿ. ಮನೆಯಲ್ಲಿ ಸಾವಾದಾಗ, ಯಾರಾದರೂ ಕೆಲಸ ಕಳೆದುಕೊಂಡಾಗ "ಇದರಿಂದ ಏನು ಕಲಿತೆ" ಅಂತ ಕೇಳುವವರಿಂದ ದೂರ ಇರಿ, ನೀವೂ ಇನ್ನೊಬ್ಬರಿಗೆ ಹಾಗೆ ಕೇಳಬೇಡಿ.

ಕೊನೆಗೆ ಬರೆದಿಡುವ ವಿಷಯ. ದಿನಕ್ಕೆ ಎರಡೇ ಸಾಲು: ಏನು ನೋಡಿದೆ, ನಾಳೆ ಏನು ಮಾಡುತ್ತೇನೆ. ಮೊದಲ ಸಾಲಲ್ಲಿ ಅಭಿಪ್ರಾಯ ಬೇಡ, ಕಂಡದ್ದು ಮಾತ್ರ. ಇದು ನಾಲ್ಕು ದಿನದಲ್ಲಿ ನಿಂತುಹೋಗದಂತೆ ಒಂದು ಉಪಾಯ ಉಂಟು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಉಡುಪಿಯ ಸಂಸ್ಥೆ 1928ರಲ್ಲಿ ಪಿಗ್ಮಿ ಅನ್ನುವ ದಿನದಿನದ ಉಳಿತಾಯ ಯೋಜನೆ ಶುರು ಮಾಡಿದಾಗ ದಿನಕ್ಕೆ ಎರಡಾಣೆ ಸಾಕಿತ್ತು. ಮೊತ್ತ ಸಣ್ಣದು ಅನ್ನುವುದು ಒಂದು, ಅದನ್ನು ಕೇಳಲು ಏಜೆಂಟ್ ದಿನಾ ಬಾಗಿಲಿಗೆ ಬರುತ್ತಿದ್ದರು ಅನ್ನುವುದು ಇನ್ನೊಂದು. ಹಾಗಾಗಿ ಒಬ್ಬ ಗೆಳೆಯನನ್ನೋ ತಂಗಿಯನ್ನೋ ಹಿಡಿದು, ರಾತ್ರಿ ಆ ಎರಡು ಸಾಲು ಅವರಿಗೆ ಕಳಿಸಿ, ಬರದಿದ್ದರೆ ಫೋನ್ ಮಾಡಿ ಬೈಯಲು ಹೇಳಿ. ತಿಂಗಳ ಕೊನೆಗೆ ಇಬ್ಬರೂ ಕೂತು ಒಮ್ಮೆ ಓದಿ, ಮಾಡದೇ ಉಳಿದ ಎರಡನೇ ಸಾಲುಗಳಿಗೆ ಗೀಟು ಎಳೆಯಿರಿ.