ಡಿಸ್ಕ್‌ಗಳ ನಿದ್ದೆ ಕೆಡಿಸದೆ ನ್ಯಾಸ್ ಮೇಲೆ ನೆಟ್‌ಡೇಟಾ ಹಾಕುವುದು

ಮನೆಯ ನ್ಯಾಸ್ (ಫೈಲ್‌ಗಳನ್ನು ಇಟ್ಟುಕೊಂಡು ನೆಟ್‌ವರ್ಕ್ ಮೂಲಕ ಎಲ್ಲರಿಗೂ ಕೊಡುವ ಪೆಟ್ಟಿಗೆ) ಸರಿಯಾಗಿ ಓಡುವವರೆಗೆ ಯಾರೂ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಫೋಟೊ ತೆರೆಯಲು ತಡವಾಯಿತು, ವಿಡಿಯೊ ನಿಂತು ನಿಂತು ಓಡಿತು ಅಂದಾಗ ಮಾತ್ರ ಎಲ್ಲರಿಗೂ ಅದರ ನೆನಪು. ಆಗ ಲಾಗಿನ್ ಆಗಿ ನೋಡಿದರೆ ಎಲ್ಲವೂ ಹಸಿರು. ಹತ್ತು ನಿಮಿಷದ ಹಿಂದೆ ಏನು ನಡೆದಿತ್ತು ಅನ್ನುವುದಕ್ಕೆ ದಾಖಲೆಯೇ ಇಲ್ಲ. ಮಾನಿಟರಿಂಗ್ ಟೂಲ್ ಬೇಕಾಗುವುದು ಈ ದಾಖಲೆಗಾಗಿ, ಚಂದದ ಗ್ರಾಫ್‌ಗಾಗಿ ಅಲ್ಲ.

ನನ್ನದು ಹಳೆಯ ಡೆಸ್ಕ್‌ಟಾಪ್. 8 ಜಿಬಿ ರ್‍ಯಾಮ್, ಫೈಲ್‌ಗಳಿಗೆ ನಾಲ್ಕು ಹಾರ್ಡ್ ಡಿಸ್ಕ್, ಸಿಸ್ಟಮ್‌ಗೆ ಒಂದು ಚಿಕ್ಕ ಎಸ್‌ಎಸ್‌ಡಿ. ಡೆಬಿಯನ್ ಲಿನಕ್ಸ್ ಮೇಲೆ ನ್ಯಾಸ್ ನಡೆಸುವ ಓಪನ್‌ಮೀಡಿಯಾವಾಲ್ಟ್ ಇದೆ. ನೀವು ರೆಡಿಮೇಡ್ ನ್ಯಾಸ್ ತಂದಿದ್ದರೂ ಕೆಳಗೆ ಹೇಳುವುದರಲ್ಲಿ ಹೆಚ್ಚಿನದು ಹಾಗೇ ನಡೆಯುತ್ತದೆ.

ಯಾವ ಟೂಲ್ ಅನ್ನುವುದನ್ನು ಬೇಗ ಮುಗಿಸೋಣ. ಗ್ಲಾನ್ಸಸ್ ತುಂಬಾ ಹಗುರ. ವೆಬ್ ಮೋಡ್‌ನಲ್ಲಿ ಓಡಿಸಿದರೆ 61208 ಪೋರ್ಟ್‌ನಲ್ಲಿ ಬ್ರೌಸರ್‌ಗೆ ಸಿಗುತ್ತದೆ. ಆದರೆ ಅದು ಈಗಿನ ಕಥೆ ಹೇಳುತ್ತದೆ, ನಿನ್ನೆ ರಾತ್ರಿಯದನ್ನು ತಾನಾಗಿ ಎತ್ತಿಡುವುದಿಲ್ಲ. ಲೆಕ್ಕ ಕೂಡಿಡುವ ಪ್ರೊಮಿಥಿಯಸ್, ಗ್ರಾಫ್ ತೋರಿಸುವ ಗ್ರಫಾನಾ, ಈ ಜೋಡಿ ಹತ್ತಾರು ಸರ್ವರ್ ಇರುವವರಿಗೆ ಸರಿ. ಒಂದೇ ಪೆಟ್ಟಿಗೆಗೆ ಅಷ್ಟೆಲ್ಲ ಕಟ್ಟುವುದು ಬೆಟ್ಟ ಅಗೆದು ಇಲಿ ಹಿಡಿದಂತೆ. ನೆಟ್‌ಡೇಟಾ ಇವೆರಡರ ನಡುವೆ ನಿಲ್ಲುತ್ತದೆ. ಸೆಕೆಂಡಿಗೊಮ್ಮೆ ಲೆಕ್ಕ ತೆಗೆದುಕೊಳ್ಳುತ್ತದೆ, ಹಳೆಯದನ್ನು ಇಟ್ಟುಕೊಳ್ಳುತ್ತದೆ, ಎಚ್ಚರಿಕೆಯನ್ನೂ ಕಳಿಸುತ್ತದೆ.

ಕಂಟೇನರ್‌ನಲ್ಲೇ ಹಾಕಿ

ನ್ಯಾಸ್‌ನ ಮೂಲ ಸಿಸ್ಟಮ್ ಒಳಗೆ ನೇರವಾಗಿ ಏನನ್ನೂ ಸೇರಿಸಬೇಡಿ. ಟ್ರೂನ್ಯಾಸ್‌ನಂಥ ಸಿಸ್ಟಮ್‌ಗಳಲ್ಲಿ ಮುಂದಿನ ಅಪ್‌ಡೇಟ್ ಬಂದಾಗ ನೀವು ಕೈಯಾರೆ ಹಾಕಿದ ಪ್ಯಾಕೇಜ್ ಅಳಿಸಿಹೋಗುತ್ತದೆ. ಡಾಕರ್ ಕಂಟೇನರ್ (ಪ್ರೋಗ್ರಾಮನ್ನು ಮೂಲ ಸಿಸ್ಟಮ್‌ನಿಂದ ಬೇರೆಯಾಗಿ ಓಡಿಸುವ ಡಬ್ಬಿ) ಆದರೆ ಆ ತಲೆನೋವಿಲ್ಲ. ಸಿನಾಲಜಿಯಲ್ಲಿ ಇದಕ್ಕೆ ಕಂಟೇನರ್ ಮ್ಯಾನೇಜರ್ ಅನ್ನುತ್ತಾರೆ, ಕ್ಯೂನ್ಯಾಪ್‌ನಲ್ಲಿ ಕಂಟೇನರ್ ಸ್ಟೇಷನ್. ಹೆಸರು ಬೇರೆ, ಕೆಲಸ ಒಂದೇ.

ಡಾಕರ್ ಹಬ್‌ನಲ್ಲಿ ನೆಟ್‌ಡೇಟಾ ಸಂಸ್ಥೆಯದೇ ಇಮೇಜ್, ಅಂದರೆ ಕಂಟೇನರ್‌ನ ಅಚ್ಚು, ಇದೆ. ಟ್ಯಾಗ್ ಆರಿಸುವಾಗ 'ಸ್ಟೇಬಲ್' ತೆಗೆದುಕೊಳ್ಳಿ. 'ಲೇಟೆಸ್ಟ್' ಅನ್ನುವುದರಲ್ಲಿ ರಾತ್ರೋರಾತ್ರಿ ತಯಾರಾದ ಪ್ರಯೋಗದ ಆವೃತ್ತಿಯೂ ಬಂದುಬಿಡಬಹುದು. ಫೈಲ್ ಕಾಯುವ ಪೆಟ್ಟಿಗೆಯ ಮೇಲೆ ಪ್ರಯೋಗ ಯಾಕೆ?

ನೆಟ್‌ವರ್ಕ್ ಅನ್ನು 'ಹೋಸ್ಟ್' ಮೋಡ್‌ಗೆ ಹಾಕಿ. ಹೋಸ್ಟ್ ಅಂದರೆ ಇಲ್ಲಿ ನ್ಯಾಸ್‌ನ ಮೂಲ ಸಿಸ್ಟಮ್. ಇಲ್ಲದಿದ್ದರೆ ಕಂಟೇನರ್ ತನ್ನದೇ ಪುಟ್ಟ ನೆಟ್‌ವರ್ಕ್ ನೋಡಿಕೊಂಡು ಕೂರುತ್ತದೆ, ನ್ಯಾಸ್‌ನ ನಿಜವಾದ ಟ್ರಾಫಿಕ್ ಕಾಣುವುದಿಲ್ಲ. ಪಿಐಡಿ (ಓಡುತ್ತಿರುವ ಪ್ರೋಗ್ರಾಮ್‌ಗಳ ನಂಬರ್) ಕೂಡ ಹೋಸ್ಟ್‌ನದೇ ಇರಲಿ. ಆಮೇಲೆ ಸಿಸ್ಟಮ್‌ನ ಸ್ಥಿತಿ ತೋರಿಸುವ, ಹೋಸ್ಟ್‌ನ 'ಪ್ರೋಕ್' ಮತ್ತು 'ಸಿಸ್' ಫೋಲ್ಡರ್‌ಗಳನ್ನು ಕಂಟೇನರ್‌ನ 'ಹೋಸ್ಟ್' ಫೋಲ್ಡರ್ ಒಳಗೆ ಅದೇ ಹೆಸರಿನಲ್ಲಿ, ಓದಲು ಮಾತ್ರ ಬರುವಂತೆ ಜೋಡಿಸಿ. ಹೋಸ್ಟ್‌ನ ರೂಟ್ ಫೋಲ್ಡರನ್ನೂ ಹೀಗೇ ಕೊಡಬೇಕು. ಅದನ್ನು ಬಿಟ್ಟರೆ ಡಿಸ್ಕ್‌ನಲ್ಲಿ ಎಷ್ಟು ಜಾಗ ಉಳಿದಿದೆ ಅನ್ನುವ ಗ್ರಾಫ್ ಸರಿಯಾಗಿ ಬರುವುದಿಲ್ಲ, ನ್ಯಾಸ್‌ನಲ್ಲಿ ಮುಖ್ಯವಾಗಿ ಬೇಕಾದದ್ದೇ ಅದು ಅಲ್ವಾ? 'ಸಿಸ್ ಪಿಟ್ರೇಸ್', 'ಸಿಸ್ ಅಡ್ಮಿನ್' ಎಂಬ ಎರಡು ಕೇಪಬಿಲಿಟಿಗಳನ್ನೂ (ವಿಶೇಷ ಅನುಮತಿಗಳನ್ನೂ) ನೆಟ್‌ಡೇಟಾ ಕೇಳುತ್ತದೆ.

ಇನ್ನೊಂದನ್ನು ಕೇಳುತ್ತದೆ: ಡಾಕರ್ ಸಾಕೆಟ್, ಅಂದರೆ ಡಾಕರ್ ಜೊತೆ ಮಾತಾಡುವ ಬಾಗಿಲು. ಇದು ಕೊಟ್ಟರೆ ಗ್ರಾಫ್‌ನಲ್ಲಿ ಉಳಿದ ಕಂಟೇನರ್‌ಗಳ ಹೆಸರು ಕಾಣುತ್ತದೆ. 'ಓದಲು ಮಾತ್ರ' ಅಂತ ಕೊಟ್ಟಿದ್ದೇನಲ್ಲ ಎಂದು ನೆಮ್ಮದಿಯಿಂದ ಇರಬೇಡಿ. ಆ ಗುರುತು ಸಾಕೆಟ್ ಫೈಲ್‌ಗೆ ಅಷ್ಟೇ. ಅದರ ಮೂಲಕ ಡಾಕರ್‌ಗೆ ಆದೇಶ ಕೊಡುವುದನ್ನು ಅದು ತಡೆಯುವುದಿಲ್ಲ. ಹೆಸರಿನ ಬದಲು ಉದ್ದನೆಯ ಐಡಿ ಕಂಡರೂ ಪರವಾಗಿಲ್ಲ ಅಂತ ನಾನು ಸಾಕೆಟ್ ಕೊಟ್ಟಿಲ್ಲ.

ಡಿಸ್ಕ್‌ಗಳ ನಿದ್ದೆ

ಬಳಕೆ ಇಲ್ಲದಾಗ ಹಾರ್ಡ್ ಡಿಸ್ಕ್ ತಿರುಗುವುದನ್ನು ನಿಲ್ಲಿಸಿ ಮಲಗುವಂತೆ ಹೊಂದಿಸಬಹುದು. ಇನ್‌ಸ್ಟಾಲ್ ಮಾಡುವ ಮೊದಲೇ ಇದನ್ನು ಯೋಚಿಸಿ. ನೆಟ್‌ಡೇಟಾ ತನ್ನ ಲೆಕ್ಕವನ್ನು 'ಕ್ಯಾಶ್' ಫೋಲ್ಡರ್‌ಗೆ ಬರೆಯುತ್ತಲೇ ಇರುತ್ತದೆ. ಆ ಫೋಲ್ಡರ್ ಹಾರ್ಡ್ ಡಿಸ್ಕ್ ಮೇಲಿದ್ದರೆ ಡಿಸ್ಕ್ ಮಲಗುವುದೇ ಇಲ್ಲ. ಆರೋಗ್ಯ ನೋಡಲು ಬಂದವರೇ ರಾತ್ರಿಯಿಡೀ ಬಾಗಿಲು ಬಡಿದ ಹಾಗಾಗುತ್ತದೆ.

ಅದಕ್ಕೆ ಕಾನ್ಫಿಗ್, ಲಿಬ್, ಕ್ಯಾಶ್ ಈ ಮೂರೂ ಫೋಲ್ಡರ್ ಎಸ್‌ಎಸ್‌ಡಿ ಮೇಲೆ ಇರಲಿ. ಡಾಕರ್‌ನ ಸ್ವಂತ ಫೋಲ್ಡರ್ ಕೂಡ ಅಲ್ಲೇ ಇರಬೇಕು. ಕಂಟೇನರ್‌ಗಳ ಲಾಗ್ ಹೋಗಿ ಬೀಳುವುದು ಅದರೊಳಗೆ. ಎಸ್‌ಎಸ್‌ಡಿ ಇಲ್ಲವೇ? ನೆಟ್‌ಡೇಟಾದ ಮುಖ್ಯ ಕಾನ್ಫಿಗ್ ಫೈಲ್‌ನಲ್ಲಿ 'ಡಿಬಿ' ಭಾಗಕ್ಕೆ ಹೋಗಿ ಮೋಡ್ ಅನ್ನು 'ರ್‍ಯಾಮ್' ಮಾಡಿ. ಆಗ ಲೆಕ್ಕವನ್ನು ಡಿಸ್ಕ್‌ಗೆ ಬರೆಯುವುದಿಲ್ಲ, ಆದರೆ ರೀಸ್ಟಾರ್ಟ್ ಆದರೆ ಹಳೆಯ ಲೆಕ್ಕ ಹೋಯಿತು. ಇನ್ನು ಕೆಲವು ರೆಡಿಮೇಡ್ ನ್ಯಾಸ್‌ಗಳಲ್ಲಿ ಸಿಸ್ಟಮ್ಮೇ ಎಲ್ಲ ಡಿಸ್ಕ್‌ಗಳ ಮೇಲೆ ಹರಡಿರುತ್ತದೆ. ಅಂಥ ಕಡೆ ಕಂಟೇನರ್ ಓಡುತ್ತಿದ್ದರೆ ಡಿಸ್ಕ್ ಮಲಗುವ ಆಸೆ ಬಿಟ್ಟುಬಿಡುವುದೇ ಲೇಸು.

ಅದೇ ಫೈಲ್‌ನಲ್ಲಿ ಇನ್ನೆರಡು ಬದಲಾವಣೆ. ಪ್ರೊಸೆಸರ್ ಬಡಪಾಯಿ ಆಗಿದ್ದರೆ ಲೆಕ್ಕ ತೆಗೆಯುವ ಅಂತರವನ್ನು 1 ಸೆಕೆಂಡ್‌ನಿಂದ 5ಕ್ಕೆ ಏರಿಸಿ. 'ಎಂಎಲ್' ಭಾಗದಲ್ಲಿ ಮಷಿನ್ ಲರ್ನಿಂಗ್ ಆಫ್ ಮಾಡಿ. ಅಸಹಜ ಏರಿಳಿತ ಕಂಡುಹಿಡಿಯಲು ಅದು ಒಳಗೊಳಗೇ ಕಲಿಯುತ್ತಿರುತ್ತದೆ, ಮನೆಯ ಪೆಟ್ಟಿಗೆಗೆ ಆ ವೈಭವ ಬೇಕಿಲ್ಲ. ಕಂಟೇನರ್ ರೀಸ್ಟಾರ್ಟ್ ಮಾಡಿ, ಬ್ರೌಸರ್‌ನಲ್ಲಿ ನ್ಯಾಸ್‌ನ ಐಪಿ ಹಾಕಿ, ಪಕ್ಕದಲ್ಲಿ ಪೋರ್ಟ್ 19999 ಕೊಡಿ. ಸೈನ್ ಇನ್ ಮಾಡಿ ಅಂತ ಕೇಳಿದರೆ ಅದನ್ನು ದಾಟಿ ಹೋಗುವ ಆಯ್ಕೆಯೂ ಅಲ್ಲೇ ಇರುತ್ತದೆ.

ಏನನ್ನು ನೋಡಬೇಕು

ತೆರೆದ ಕೂಡಲೇ ನೂರಾರು ಗ್ರಾಫ್. ಗಾಬರಿ ಬೇಡ, ನ್ಯಾಸ್‌ಗೆ ಬೇಕಾದವು ಕೆಲವೇ.

ಮೆಮೊರಿ ತುಂಬಿದಂತೆ ಕಂಡರೆ ಹೊಸಬರು ಮೊದಲು ಬೆಚ್ಚಿಬೀಳುತ್ತಾರೆ. ಲಿನಕ್ಸ್ ಖಾಲಿ ಮೆಮೊರಿಯನ್ನು ಫೈಲ್ ಕ್ಯಾಶ್‌ಗೆ ಬಳಸಿಕೊಳ್ಳುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಇದ್ದರಂತೂ ಅದರ 'ಆರ್ಕ್' ಕ್ಯಾಶ್ 'ಬಳಕೆಯಾದ ಮೆಮೊರಿ' ಲೆಕ್ಕಕ್ಕೇ ಸೇರಿ ಇನ್ನೂ ಜಾಸ್ತಿ ಹೆದರಿಸುತ್ತದೆ. 'ಅವೈಲಬಲ್' ಎಷ್ಟಿದೆ, ಸ್ವಾಪ್‌ಗೆ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗಕ್ಕೆ) ಹೋಗಿ ಬರುವುದು ಎಷ್ಟು ನಡೆದಿದೆ, ಇವೆರಡು ನೋಡಿ ಸಾಕು.

ಲೋಡ್ ಆವರೇಜ್ (ಎಷ್ಟು ಕೆಲಸಗಳು ಓಡುತ್ತಿವೆ, ಕಾಯುತ್ತಿವೆ ಅನ್ನುವ ಸರಾಸರಿ) ಕೂಡ ದಾರಿ ತಪ್ಪಿಸುತ್ತದೆ. 1, 5, 15 ನಿಮಿಷದ ಆ ಮೂರು ಅಂಕಿಗಳಲ್ಲಿ ಇರುವುದು ಪ್ರೊಸೆಸರ್‌ಗೆ ಕಾಯುವ ಕೆಲಸಗಳಷ್ಟೇ ಅಲ್ಲ. ಲಿನಕ್ಸ್‌ನಲ್ಲಿ ಡಿಸ್ಕ್‌ಗಾಗಿ ಕಾಯುತ್ತಿರುವವೂ ಸೇರುತ್ತವೆ. ಹಾಗಾಗಿ ಪ್ರೊಸೆಸರ್ ಆರಾಮವಾಗಿದ್ದೂ ಲೋಡ್ ಏರಿದ್ದರೆ ಡಿಸ್ಕ್ ಕಡೆ ತಿರುಗಿ.

ನನ್ನಲ್ಲಿ ಒಮ್ಮೆ ಹೀಗೇ ಆಯಿತು. ಡೆಬಿಯನ್‌ನಲ್ಲಿ ಎಂಡಿ ರೇಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವ ಲಿನಕ್ಸ್ ವ್ಯವಸ್ಥೆ) ಇದ್ದರೆ ತಿಂಗಳ ಮೊದಲ ಭಾನುವಾರ ನಸುಕಿನಲ್ಲಿ ಎಲ್ಲ ಡಿಸ್ಕ್‌ಗಳನ್ನು ಓದಿ ಹೋಲಿಸುವ ಕೆಲಸ ತಾನಾಗಿ ಶುರುವಾಗುತ್ತದೆ. ಬೆಳಗಾದರೂ ಅದು ಮುಗಿದಿರಲಿಲ್ಲ. ನೆಟ್‌ಡೇಟಾದಲ್ಲಿ ಡಿಸ್ಕ್‌ಗಳ ಗ್ರಾಫನ್ನು ಒಂದರ ಕೆಳಗೆ ಒಂದು ಇಟ್ಟು ನೋಡಿದೆ. ನಾಲ್ಕೂ ಒಂದೇ ವೇಗದಲ್ಲಿ ಓದುತ್ತಿದ್ದವು, ಅದು ಸರಿಯೇ. ಆದರೆ ಮೂರು ಡಿಸ್ಕ್‌ಗಳ 'ಬ್ಯುಸಿ' ಗೆರೆ ಅರ್ಧಕ್ಕಿಂತ ಕೆಳಗೆ, ಒಂದರದು ಮಾತ್ರ ನೂರಕ್ಕೆ ಅಂಟಿಕೊಂಡಿತ್ತು. ಅದೊಂದು ನಿಧಾನ, ಉಳಿದವು ಅದಕ್ಕಾಗಿ ಕಾಯುತ್ತಿವೆ. ಆ ಡಿಸ್ಕ್‌ನ ಸ್ಮಾರ್ಟ್ ಪಟ್ಟಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ, ತೆಗೆದೆ. ಕೆಟ್ಟ ಜಾಗಗಳನ್ನು ಎಣಿಸುವ 5, 197 ಮತ್ತು 198ನೇ ಸಾಲು ಸೊನ್ನೆ. 199 ಮಾತ್ರ ಏರಿತ್ತು. ಇದು ಸಿಆರ್‌ಸಿ ದೋಷದ (ಡೇಟಾ ಸಾಗುವಾಗ ಕೆಟ್ಟದ್ದರ) ಲೆಕ್ಕ, ಸಾಮಾನ್ಯವಾಗಿ ಡಿಸ್ಕ್‌ಗಿಂತ ಕೇಬಲ್ ಅಥವಾ ಕನೆಕ್ಟರ್ ಕಡೆ ಬೆರಳು ತೋರಿಸುತ್ತದೆ. ಸಾಟಾ ಕೇಬಲ್ ಬದಲಾಯಿಸಿದೆ, ಗೆರೆ ಉಳಿದವುಗಳ ಜೊತೆ ಬಂದು ಸೇರಿತು. 199ರ ಅಂಕಿ ಹಿಂದಕ್ಕೆ ಹೋಗುವುದಿಲ್ಲ, ಇನ್ನು ಏರದಿದ್ದರೆ ಸಾಕು.

ಸ್ಮಾರ್ಟ್ ಪಟ್ಟಿಯನ್ನು ಓದುವ ಕೆಲಸವನ್ನು ನಾನು ನೆಟ್‌ಡೇಟಾಗೆ ಕೊಟ್ಟಿಲ್ಲ. ಅದು ಇದಕ್ಕೆಂದೇ ಇರುವ 'ಸ್ಮಾರ್ಟ್‌ಡಿ' ಪ್ರೋಗ್ರಾಮ್ ಕೈಯಲ್ಲಿದೆ, 'ಸ್ಟ್ಯಾಂಡ್‌ಬೈ' ಆಯ್ಕೆ ಕೊಟ್ಟಿದ್ದರಿಂದ ಮಲಗಿದ ಡಿಸ್ಕನ್ನು ಎಬ್ಬಿಸುವುದಿಲ್ಲ. 5, 197, 198 ಏರತೊಡಗಿದರೆ ಹೊಸ ಡಿಸ್ಕ್ ತರಿಸಿ. ಏರದಿದ್ದರೆ ಎಲ್ಲ ಕ್ಷೇಮ ಅಂತಲೂ ಅಲ್ಲ. 2007ರಲ್ಲಿ ಗೂಗಲ್ ತನ್ನ ಡಿಸ್ಕ್‌ಗಳ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟ ಡಿಸ್ಕ್‌ಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯವಾದ ನಾಲ್ಕು ಸ್ಮಾರ್ಟ್ ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ಬ್ಯಾಕಪ್ ಬೇರೆ ಕಡೆ ಇರಲೇಬೇಕು.

ಎಚ್ಚರಿಕೆ ಕಡಿಮೆ ಇರಲಿ

ನೆಟ್‌ಡೇಟಾ ಜೊತೆ ಎಚ್ಚರಿಕೆಗಳ ದೊಡ್ಡ ರಾಶಿಯೇ ಬರುತ್ತದೆ. ಎಲ್ಲವೂ ಫೋನಿಗೆ ಬಂದರೆ ಒಂದೇ ವಾರದಲ್ಲಿ ನೀವು ನೋಟಿಫಿಕೇಶನ್ ಮ್ಯೂಟ್ ಮಾಡುತ್ತೀರಿ, ನಿಜವಾದದ್ದೂ ಅದರೊಳಗೇ ಮುಳುಗುತ್ತದೆ. ನನಗೆ ಬರುವುದು ಮೂರೇ: ರೇಡ್‌ನಿಂದ ಡಿಸ್ಕ್ ಹೊರಬಿದ್ದರೆ, ಜಾಗ ಶೇ 80 ತುಂಬಿದರೆ, ಉಷ್ಣತೆ 50 ಡಿಗ್ರಿ ದಾಟಿದರೆ. ಉಳಿದವುಗಳ ಕಾನ್ಫಿಗ್‌ನಲ್ಲಿ ಯಾರಿಗೆ ಕಳಿಸಬೇಕು ಅನ್ನುವ ಸಾಲಿಗೆ 'ಸೈಲೆಂಟ್' ಅಂತ ಬರೆದಿದ್ದೇನೆ. ಅವು ಡ್ಯಾಶ್‌ಬೋರ್ಡ್‌ನಲ್ಲಿ ಕಾಣುತ್ತವೆ, ಫೋನಿಗೆ ಬರುವುದಿಲ್ಲ.

ಟೆಲಿಗ್ರಾಮ್ ಅಥವಾ ಇಮೇಲ್ ಜೋಡಿಸಿದ ಮೇಲೆ ಪರೀಕ್ಷೆ ಮಾಡದೆ ಬಿಡಬೇಡಿ. ಪ್ಲಗಿನ್ ಫೋಲ್ಡರ್‌ನಲ್ಲಿರುವ ಅಲಾರ್ಮ್ ನೋಟಿಫೈ ಸ್ಕ್ರಿಪ್ಟನ್ನು 'ಟೆಸ್ಟ್' ಅಂತ ಕೊಟ್ಟು ಓಡಿಸಿದರೆ ವಾರ್ನಿಂಗ್, ಕ್ರಿಟಿಕಲ್, ಕ್ಲಿಯರ್ ಹೀಗೆ ಮೂರು ಸಂದೇಶ ಬರಬೇಕು.

ಹೊರಗಿನಿಂದ ನೋಡುವ ಆಸೆಗೆ ರೂಟರ್‌ನಲ್ಲಿ 19999 ಪೋರ್ಟ್ ತೆರೆಯಬೇಡಿ. ನಿಮ್ಮ ಮನೆಯ ನೆಟ್‌ವರ್ಕ್‌ನಲ್ಲಿ ಏನೇನು ಓಡುತ್ತಿದೆ ಅನ್ನುವ ಪೂರ್ತಿ ನಕ್ಷೆ ಅದರಲ್ಲಿದೆ. ವೈರ್‌ಗಾರ್ಡ್‌ನಂಥ ವಿಪಿಎನ್ ಮೂಲಕ ಬನ್ನಿ.

ಒಂದು ಕೊರತೆ ಉಳಿಯುತ್ತದೆ. ನ್ಯಾಸ್ ಪೂರ್ತಿ ಸತ್ತರೆ ಅದರೊಳಗಿನ ನೆಟ್‌ಡೇಟಾ ಯಾರಿಗೆ ಹೇಳುತ್ತದೆ? ಅದಕ್ಕೆ ಸದಾ ಆನ್ ಇರುವ ಬೇರೆ ಯಾವುದಾದರೂ ಯಂತ್ರದಲ್ಲಿ, ಹಳೆಯ ರಾಸ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್) ಇದ್ದರೂ ಸಾಕು, ಬೇರೆ ಯಂತ್ರ ಬದುಕಿದೆಯೇ ಅಂತ ನೋಡುವ ಅಪ್‌ಟೈಮ್ ಕೂಮಾ ಹಾಕಿ. ಅದು 3001 ಪೋರ್ಟ್‌ನಲ್ಲಿ ತೆರೆದುಕೊಳ್ಳುತ್ತದೆ. ನ್ಯಾಸ್‌ನ 19999 ಪೋರ್ಟ್ ಉತ್ತರಿಸುತ್ತಿದೆಯೇ ಅಂತ ನಿಮಿಷಕ್ಕೊಮ್ಮೆ ನೋಡಲು ಹೇಳಿ. ಒಂದೇ ಸಲ ತಪ್ಪಿದರೆ ಕೂಗಬೇಡ, ಮೂರು ಸಲ ತಪ್ಪಿದರೆ ಮಾತ್ರ ಹೇಳು ಅಂತ ಹೊಂದಿಸಿ, ಇಲ್ಲದಿದ್ದರೆ ಅಪ್‌ಡೇಟ್ ಆಗಿ ರೀಸ್ಟಾರ್ಟ್ ಆಗುವಾಗಲೆಲ್ಲ ಫೋನ್ ಗುಯ್‌ಗುಡುತ್ತದೆ. ನ್ಯಾಸ್‌ನ ಐಪಿಯನ್ನು ರೂಟರ್‌ನಲ್ಲಿ ಕಾಯಂ ಮಾಡಿ, ಕೂಮಾಗೆ ಆ ಐಪಿಯನ್ನೇ ಕೊಡಿ.