ಎಲ್‌ಇಡಿ ಇಂಡಿಕೇಟರ್: ಎರಡು ತೊಂದರೆ, ಎರಡೂ ಸರಿಹೋಯ್ತು
ಕಲಬುರಗಿ ಬಿಸಿಲಲ್ಲಿ ನನ್ನ ಬೈಕಿನ ಇಂಡಿಕೇಟರ್ ಕಾಣೋದೇ ಇಲ್ಲ ಅಂತ ನಾಲ್ಕೂ ಬಲ್ಬ್ ತೆಗೆದು ಹಳದಿ ಎಲ್‌ಇಡಿ ಹಾಕಿದೆ. ಬೆಳಕೇನೋ ಚೆನ್ನಾಗಿ ಬಂತು, ಆದರೆ ವಿಪರೀತ ವೇಗವಾಗಿ ಮಿಣುಕುತ್ತಿತ್ತು. ಹಳೇ ಬಲ್ಬ್ 10 ವ್ಯಾಟ್, ಎಲ್‌ಇಡಿ 1-2 ವ್ಯಾಟ್ ಅಷ್ಟೇ, ಅಷ್ಟು ಕಡಿಮೆ ಲೋಡಿಗೆ ಹಳೇ ಫ್ಲಾಷರ್ (ಇಂಡಿಕೇಟರನ್ನು ಮಿಣುಕಿಸೋ ಪುಟ್ಟ ಡಬ್ಬಿ) ಲೆಕ್ಕ ತಪ್ಪುತ್ತೆ. ಲೋಡ್ ಹೆಚ್ಚಿಸೋಕೆ ರೆಸಿಸ್ಟರ್ ಹಾಕು ಅಂದರು ಮೆಕ್ಯಾನಿಕ್ ಅಣ್ಣ. ಅದು ಸುಮ್ನೆ ಬಿಸಿಯಾಗುತ್ತೆ, ಅದಕ್ಕೇ ಎಲ್‌ಇಡಿಗೆ ಆಗುವ 2 ಪಿನ್ ಎಲೆಕ್ಟ್ರಾನಿಕ್ ಫ್ಲಾಷರ್ ಹಾಕಿದೆ.

ವೇಗ ಸರಿಹೋಯ್ತು, ಆದರೆ ಎಡಕ್ಕೆ ಹಾಕಿದರೆ ನಾಲ್ಕೂ ಮಿಣುಕಬೇಕಾ! ಮೀಟರಿನಲ್ಲಿ ಎರಡೂ ಕಡೆಗೆ ಒಂದೇ ದೀಪ, ಕರೆಂಟ್ ಅದರೊಳಗಿಂದ ಆಚೆ ಕಡೆಗೂ ಹೋಗುತ್ತಿತ್ತು. ದೀಪದ ಎರಡೂ ವೈರ್‌ಗೆ ಒಂದೊಂದು 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡೋದು) ಹಾಕಿ, ಡಯೋಡಿನ ಬಿಳಿ ಗೆರೆ ದೀಪದ ಕಡೆ ಇಟ್ಟು ಎರಡನ್ನೂ ದೀಪದ ಒಂದೇ ತುದಿಗೆ ಸೇರಿಸಿದೆ, ದೀಪದ ಇನ್ನೊಂದು ತುದಿ ಅರ್ಥ್‌ಗೆ ಕೊಟ್ಟೆ. ಈಗ ಎಡಕ್ಕೆ ಹಾಕಿದರೆ ಎಡಗಡೆ ಮಾತ್ರ.